ಇದ್ವಾಲನ ಹೆಂಡತಿ

ಗಾಳದ ಕೋಲು ಬಗ್ಗಿದ ರೀತಿಗೇ ಇದ್ವಾಲನಿಗೆ ಗೊತ್ತಾಯಿತು, ಇದು ಗ್ರೇಲಿಂಗ್ ಮೀನಲ್ಲ. ಗ್ರೇಲಿಂಗ್ ಆಗಿದ್ದರೆ ಗಾಳ ಕಚ್ಚಿದ್ದೇ ನಡುನೀರಿನಲ್ಲಿ ಗಿರಗಿರನೆ ಸುತ್ತುತ್ತಿತ್ತು. ಇದು ಸೇತುವೆ ಕೆಳಗಿನ ಮಡುವಿಗೆ ಇಳಿದು ಕೂತದ್ದು, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಭಾವ, ಬಲೆ ತಗೊಂಡು ಬಾ," ಎಂದ.

ಅವನ ಅಕ್ಕನ ಗಂಡ ತುದುರ್ ದಂಡೆಯಲ್ಲಿ ನಿಂತು, ತನ್ನ ಕೋಲಿನಲ್ಲಿ ದಾರ ಹಾಯುವ ತುದಿಯುಂಗುರವನ್ನು ಬಾಯಲ್ಲಿಟ್ಟು ಅದರಲ್ಲಿ ಕಟ್ಟಿದ್ದ ಮಂಜುಗಡ್ಡೆ ಕರಗಿಸುತ್ತಿದ್ದ. ನವೆಂಬರ್ ಕೊನೆಯ ಡೀ ನದಿಯಲ್ಲಿ ನಾಲ್ಕು ಸಲ ಗಾಳ ಬೀಸಿದರೆ ಒಂದು ಸಲ ಹೀಗೆ ಉಂಗುರ ಚೀಪಬೇಕು. ತುದುರ್ ಊರಿನ ಪ್ರಾರ್ಥನಾಮಂದಿರದ, ಅಂದರೆ ಚಾಪೆಲಿನ, ಹಿರಿಯ. ನೆಸ್ಟಾಳ ಹೆಂಡದಂಗಡಿಗೆ ಬಂದರೂ ಶುಂಠಿ ಪಾನಕ ಕುಡಿದು ಎದ್ದು ಹೋಗುವ ಆಸಾಮಿ. ಅವನ ಬಾಯಲ್ಲಿ ಸುಳ್ಳು ಬಂದದ್ದನ್ನು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ.

ಆ ಮಡುವಿನಲ್ಲಿ ಮೊಳಕ್ಕೂ ಮೀರಿದ ಟ್ರೌಟ್ ಮೀನೊಂದಿದೆ ಎಂದು ಇದ್ವಾಲ್ ವರ್ಷಗಟ್ಟಲೆ ಹೇಳುತ್ತ ಬಂದಿದ್ದ. ಯಾರೂ ನಂಬಿರಲಿಲ್ಲ. "ಮದುವೆಯಾಗದ ನಮ್ಮ ಭಾವಮೈದನಿಗೆ ಆ ಮೀನೇ ಹೆಂಡ್ತಿ. ಅವನೊಬ್ಬನ ಕಣ್ಣಿಗೇ ಕಾಣೋದು" ಎಂದು ಮೊದಲು ಆಡಿದವನು ತುದುರನೇ. ಮಾತು ಊರಿಗೆ ಅಂಟಿಕೊಂಡಿತು. ರೊಟ್ಟಿ ಅಂಗಡಿಯಲ್ಲೂ ಹೆಂಡತಿಯ ಯೋಗಕ್ಷೇಮ ವಿಚಾರಿಸುವವರಾದರು. ಹೊಸದಾಗಿ ಬಂದ ಡಾಕ್ಟರಮ್ಮ ಅದನ್ನು ನಿಜವೆಂದೇ ತಿಳಿದು, ಚಳಿಗಾಲದ ಫ್ಲೂ ಇಂಜೆಕ್ಷನ್ನಿಗೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದಿದ್ದಳು. ಇದ್ವಾಲ್ ಆಗಲಿ ಎಂದು ಹೇಳಿ ಬಂದಿದ್ದ. ತನ್ನ ಮಾತು ನಿಜ ಎಂದು ಒಬ್ಬನಾದರೂ ಎದ್ದು ನಿಂತು ಹೇಳಲಿ ಎಂಬುದೊಂದೇ ಅವನಿಗೆ ಉಳಿದಿದ್ದ ಆಸೆ.

ಸೆಪ್ಟೆಂಬರ್ ಮುಗಿಯಿತೆಂದರೆ ಟ್ರೌಟ್ ಹಿಡಿಯುವಂತಿಲ್ಲ, ಗ್ರೇಲಿಂಗ್ ಹಿಡಿಯಬಹುದು. ತಪ್ಪಿ ಟ್ರೌಟ್ ಸಿಕ್ಕಿದರೆ ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಬೇಕು. ಹಾಗಾಗಿ ಚಳಿಗಾಲದಲ್ಲಿ ಹೊಳೆಗಿಳಿದವರೆಲ್ಲ ಗ್ರೇಲಿಂಗಿಗೇ ಬಂದೆವು ಅನ್ನುತ್ತಾರೆ. ಟ್ರೌಟ್ ಮಡುವಿನಲ್ಲಿ ನಿಂತವರು ಅದನ್ನು ಎರಡು ಸಲ ಹೇಳುತ್ತಾರೆ, ಅಷ್ಟೆ.

ಕೊನೆಗೆ ಮೀನು ದಣಿದು ಮೇಲೆ ಬಂತು. ತುದುರ್ ಹೆಗಲವರೆಗೆ ತೋಳು ನೆನೆಸಿ ಬಲೆ ಒಡ್ಡಿದ. ಬಾಲ ಬಲೆಯ ಹೊರಗೇ ಉಳಿಯಿತು. ಮೈಮೇಲೆ ಕಾಸಿನಗಲದ ಕೆಂಪು ಚುಕ್ಕೆಗಳು. ಕೆಳದವಡೆಯಲ್ಲಿ ಇದ್ವಾಲನೇ ಗಾಳಕ್ಕೆ ಕೋಳಿಗರಿ ಸುತ್ತಿ ಕಟ್ಟಿದ ಹುಸಿನೊಣ. ತುದುರ್ ತುಂಬ ಹೊತ್ತು ನೋಡಿದ.

"ಇದ್ದಾಳಲ್ಲೋ," ಎಂದ.

"ಇದ್ದಾಳೆ," ಎಂದ ಇದ್ವಾಲ್.

"ತುಂಬಿದ ಬಸುರಿ. ಮೊಟ್ಟೆ ಇಡೋಕೆ ಮೇಲ್ಗಡೆ ತೆಳುನೀರಿಗೆ ಹೊರಟವಳು. ತಡೀಬೇಡ, ಬಿಡು."

ಇದ್ವಾಲ್ ಗಾಳ ಬಿಡಿಸಿ, ಎರಡು ಕೈಯಲ್ಲಿ ಹೊಟ್ಟೆಗೆ ಆಸರೆ ಕೊಟ್ಟು, ಹರಿವಿಗೆ ಮುಖ ಮಾಡಿಸಿ ಹಿಡಿದ. ಉಸಿರು ಕೂಡಿದ ಮೇಲೆ ಅದು ಆತುರವಿಲ್ಲದೆ ಹೊರಟುಹೋಯಿತು. ಫೋಟೊ ತೆಗೆಯಲು ಇಬ್ಬರ ಬಳಿಯೂ ಏನೂ ಇರಲಿಲ್ಲ. ತುದುರನ ಮೊಬೈಲು ಯಾವಾಗಲೂ ಅವನ ಹೆಂಡತಿಯ ಹತ್ತಿರ ಇರುತ್ತದೆ. ಇದ್ವಾಲನಿಗೆ ಅದರ ಚಿಂತೆ ಇರಲಿಲ್ಲ. ಫೋಟೊ ನೋಡಿದವರು ಬೇರೆ ಹೊಳೆಯದು ಅನ್ನಬಹುದು. ತುದುರ್ ಹೇಳಿದರೆ ಯಾರೂ ಏನೂ ಅನ್ನುವ ಹಾಗಿಲ್ಲ. ನೆಸ್ಟಾಳ ಅಂಗಡಿಯ ದಾರಿಯಲ್ಲಿ ಇದ್ವಾಲ್ ಒಂದೇ ಮಾತು ಕೇಳಿದ, ಇವತ್ತು ನೀನೇ ಹೇಳಬೇಕು ಭಾವ ಎಂದು. ಕೇಳಿದರೆ ಹೇಳುತ್ತೇನೆ ಎಂದು ತುದುರ್ ಒಪ್ಪಿದ.

ಅಂಗಡಿಯಲ್ಲಿ ಒಲೆಯ ಸುತ್ತ ಜನ ತುಂಬಿದ್ದರು. ನೆಸ್ಟಾ ಒಬ್ಬನಿಗೆ ಬಿಯರು, ಇನ್ನೊಬ್ಬನಿಗೆ ಪಾನಕ ಇಟ್ಟು ತನ್ನ ಸುದ್ದಿ ಹೇಳಿದಳು. ಶನಿವಾರದಿಂದ ಮಹಡಿಯ ಕೋಣೆಗಳೆಲ್ಲ ಭರ್ತಿಯಂತೆ. ಗಡಿಯಾಚೆಯಿಂದ ಗಾಳದವರ ದೊಡ್ಡ ಗುಂಪೇ ಬರುತ್ತದಂತೆ. ಊಟ ಏನು, ಹಾಸಿಗೆ ಹೇಗೆ ಒಂದೂ ಕೇಳಲಿಲ್ಲ, ದೊಡ್ಡ ಮೀನು ಯಾವ ಮಡುವಿನಲ್ಲಿದೆ ಎಂದಷ್ಟೇ ಕೇಳಿದರಂತೆ. ಹಗಲೆಲ್ಲ ನೀರಿನಲ್ಲೇ ಓಡಾಡುವವರಂತೆ. "ಗ್ರೇಲಿಂಗಿಗೆ ಬರೋದಂತೆ," ಎಂದಳು ನೆಸ್ಟಾ. ಯಾರೂ ನಗಲಿಲ್ಲ.

"ನಿಮ್ಮನ್ನೇ ಕೇಳೋಣ ಅಂತಿದ್ದೆ ತುದುರಣ್ಣ. ಇದ್ವಾಲನ ಹೆಂಡ್ತಿ ಇವತ್ತಾದ್ರೂ ಮುಖ ತೋರಿಸಿದ್ಲಾ?" ಎಂದು ಅವಳೇ ಕೇಳಿದಳು.

ಇದ್ವಾಲ್ ಬೆನ್ನು ನೆಟ್ಟಗೆ ಮಾಡಿ ಕೂತ. ತುದುರ್ ಪಾನಕದ ಲೋಟವನ್ನು ಅತ್ತ ಸರಿಸಿದ, ಇತ್ತ ಸರಿಸಿದ.

"ಒಂದು ಗ್ರೇಲಿಂಗ್ ಬಿತ್ತು," ಎಂದ. "ಗೇಣುದ್ದ."

"ಹಂಗಾದ್ರೆ ಹೆಂಡ್ತಿ ಇನ್ನೂ ತವರಲ್ಲೇ ಇದಾಳೆ," ಎಂದ ಒಲೆ ಹತ್ತಿರದವನೊಬ್ಬ. ಇಡೀ ಅಂಗಡಿ ನಕ್ಕಿತು.

ಇದ್ವಾಲನ ಕಿವಿ ಬಿಸಿಯಾಯಿತು. ಭಾವನ ಮುಖ ನೋಡಿದ. ಚಾಪೆಲಿನ ಹಿರಿಯ ಇವನತ್ತ ತಿರುಗದೆ, ಕದ್ದು ಸಿಕ್ಕಿಬಿದ್ದವನ ಹಾಗೆ ಕತ್ತಿನವರೆಗೆ ಕೆಂಪಾಗಿ ಕೂತಿದ್ದ. ಅಂಗಿಯ ತೋಳಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ತಾನೊಂದು ಮಾತು ಎದುರಾಡಿದರೆ ಸಾಕು, ಭಾವ ಎರಡನೆಯ ಸಲ ಸುಳ್ಳು ಹೇಳಲಾರ. ಅದು ಇದ್ವಾಲನಿಗೆ ಗೊತ್ತಿತ್ತು. ಶನಿವಾರ ಬರುವವರಿಗೆ ಏನು ಹೇಳಲಿ ಎಂಬಂತೆ ನೆಸ್ಟಾ ಈಗ ಅವನ ಬಾಯನ್ನೇ ನೋಡುತ್ತಿದ್ದಳು.

ಅವನು ಬಿಯರನ್ನು ಅರ್ಧಕ್ಕೆ ಇಳಿಸಿ, ಮೀಸೆಯ ನೊರೆ ಒರೆಸಿಕೊಂಡ.

"ಗೇಣೆಲ್ಲಿ ಬಂತು ಭಾವ," ಎಂದ. "ಚೋಟುದ್ದ."