ಎಡಗಾಲಿನ ಬೂಟು

೧೯೧೪ರ ಆಗಸ್ಟ್ ೫, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಜರ್ಮನಿಯ ಜೊತೆ ಯುದ್ಧ ಶುರುವಾಗಿ ಎರಡು ದಿನವಾಗಿತ್ತು. ಫ್ರಾನ್ಸಿನ ಬೆಸಾನ್ಸೋನ್ ಊರಿನಲ್ಲಿ, ಸೇನೆಗೆ ಕರೆಬಂದವರ ದೇಹತಪಾಸಣೆಯ ಕೋಣೆಯಲ್ಲಿ ಗುಸ್ತಾವ್ ಪೆರ್ನೆ ತನ್ನ ಫುಟ್‌ಬಾಲ್ ಬೂಟನ್ನು ವೈದ್ಯರ ಮುಂದಿಟ್ಟು, ಒಳಗಿನ ದಪ್ಪ ಚರ್ಮದ ಪದರವನ್ನು ಎಳೆದು ತೋರಿಸಿದ. ಸ್ವಿಸ್ ಫುಟ್‌ಬಾಲ್ ತಂಡದ ಆಯ್ಕೆಗಾರರಿಂದ ಇಷ್ಟು ವರ್ಷ ಮುಚ್ಚಿಟ್ಟಿದ್ದ ಗುಟ್ಟು ಅದು.

“ಎಡಗಾಲು ಹುಟ್ಟಿನಿಂದ್ಲೇ ಗಿಡ್ಡ, ಡಾಕ್ಟ್ರೇ. ಅಲ್ದೆ ನಮ್ಮಪ್ಪ ಸ್ವಿಸ್, ನಾನೂ ಸ್ವಿಸ್.”

“ನಿಮ್ಮಮ್ಮ ಫ್ರೆಂಚ್, ನೀನು ಹುಟ್ಟಿದ್ದೂ ಇಲ್ಲೇ. ಹಾಗಾಗಿ ನಮ್ಮವನೂ ಹೌದಪ್ಪ.” ವೈದ್ಯರು ನಕ್ಕರು. “ಸ್ವಿಸ್ ಅಂಗಿ ಹಾಕ್ಕೊಂಡು ನಮಗೇ ಗೋಲು ಹೊಡ್ದಾಗ ಈ ಕಾಲು ಉದ್ದ ಇತ್ತಾ? ಮಲ್ಕೋ. ಮೂರು ಸೆಂಟಿಮೀಟರ್ ಗಿಡ್ಡ ಇದ್ರೆ ಮನೆಗೆ ಕಳಿಸ್ತೀನಿ.”

ತಣ್ಣನೆಯ ಅಳತೆಪಟ್ಟಿ ಮೊದಲು ಬಲಗಾಲಿನ ಮೇಲೆ, ಆಮೇಲೆ ಎಡಗಾಲಿನ ಮೇಲೆ ಇಳಿಯಿತು. ವೈದ್ಯರು ಚರ್ಮದ ಪದರವನ್ನು ಎತ್ತಿ ಅವನ ಕೈಗೇ ಕೊಟ್ಟರು.

“ಸೇನೆಯ ಬೂಟಿಗೂ ಇದನ್ನೇ ಹಾಕ್ಕೋ.”

ವ್ಯತ್ಯಾಸ ಎರಡು ಸೆಂಟಿಮೀಟರ್, ಒಂದು ಮಿಲಿಮೀಟರ್.