ಗಂಜಿಯ ಉಪ್ಪು

ಆ ಊರಿನ ಮಸೀದಿಯ ಚರಿತ್ರೆಯಲ್ಲೇ ಅತಿ ಗಂಭೀರವಾದ ಪ್ರಶ್ನೆಯೊಂದು ಆ ಸಂಜೆ ಎದ್ದಿತ್ತು: ಇಫ್ತಾರಿನ ಗಂಜಿಗೆ ಉಪ್ಪು ಸಾಕೋ, ಇನ್ನೂ ಬೇಕೋ? ಅಡುಗೆಯ ನಿಲಾಂದೀನನಿಗೆ ಉಪವಾಸ. ನಾಲಿಗೆಗೆ ತಾಗಿಸಿ ಉಗುಳಬಹುದೆಂದು ಮೌಲವಿಗಳೇ ಹೇಳಿದರೂ ಒಪ್ಪುವ ಆಸಾಮಿಯಲ್ಲ. ಪ್ರತಿ ರಮ್ಜಾನಿನಲ್ಲೂ ರುಚಿ ನೋಡುತ್ತಿದ್ದವನು ಪಕ್ಕದ ಮನೆಯ ಸಿಂಹಳ ಬೌದ್ಧ ಪಿಯತಿಲಕ. ಕಳೆದ ವರ್ಷ ಪೇಟೆಯಲ್ಲಿ ಸಿಂಹಳರ ಗುಂಪೊಂದು ಮುಸ್ಲಿಮರ ಅಂಗಡಿಗಳನ್ನು ಸುಟ್ಟ ಮೇಲೆ ಅವನು ಮಸೀದಿಗೂ ತನ್ನ ಮನೆಗೂ ನಡುವಿನ ಗೋಡೆಯ ಹತ್ತಿರ ಸುಳಿದಿರಲಿಲ್ಲ. ಬೆಂಕಿ ಇಟ್ಟವನು ಅವನಲ್ಲ. ಮುಖ ತೋರಿಸಲು ನಾಚಿಕೆ, ಅಷ್ಟೇ. ನಿಲಾಂದೀನನೂ ಕರೆದಿರಲಿಲ್ಲ.

ಇವತ್ತು ನಿಲಾಂದೀನ್ ಗಂಜಿಯ ಸೌಟನ್ನು ಗೋಡೆಯಾಚೆಗೆ ಚಾಚಿ ಕೂಗಿದ. "ಪಿಯತಿಲಕ, ಬದುಕಿದ್ದೀಯೇನೋ? ಜನ ದಿನಾ ಸಂಜೆ ನನ್ನ ಗಂಜಿಗೆ ಮುಖ ಸಿಂಡರಿಸ್ತಿದ್ದಾರೆ. ಬಾ, ಕುಡಿದು ಹೇಳು."

ಬಿಳಿ ಬಟ್ಟೆ ತೊಟ್ಟ ಪಿಯತಿಲಕ ಬಂದು ಸೌಟನ್ನೇ ನೋಡಿದ. "ಆಗಲ್ಲ, ನಾನಾ," ಅಂದ, ಮೊದಲಿನಂತೆ ಅಣ್ಣನೆಂದೇ ಕರೆದು.

ನಿಲಾಂದೀನ್ ಸೌಟನ್ನು ಇನ್ನಷ್ಟು ಮುಂದಕ್ಕೆ ಚಾಚಿದ. "ಓಹೋ, ನಮ್ಮ ಗಂಜಿಯೂ ಬೇಡವಾಯ್ತೋ?"

"ಅಯ್ಯೋ ಮಾರಾಯ, ಇವತ್ತು ಪೋಯ ಹುಣ್ಣಿಮೆ! ಶೀಲದ ವ್ರತ ತಗೊಂಡಿದ್ದೀನಿ. ಮಧ್ಯಾಹ್ನ ಕಳೆದ ಮೇಲೆ ನಾನೂ ಅನ್ನದ ಅಗುಳು ಮುಟ್ಟೋ ಹಾಗಿಲ್ಲ."

ಇಬ್ಬರು ಉಪವಾಸಿಗಳ ನಡುವೆ ಸೌಟು ಸುಮ್ಮನೆ ಹಬೆಯಾಡಿತು. ಪಿಯತಿಲಕ ಹೊರಟುಹೋಗಲಿಲ್ಲ. ಗೋಡೆಗೆ ಗದ್ದ ಊರಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತನ ಗತ್ತಿನಲ್ಲಿ ಗಂಜಿಯನ್ನು ಮೂಸಿದ. "ಇನ್ನೊಂದು ಹಿಡಿ ಹಾಕು."

"ಮೂಗಿಗೆ ಉಪ್ಪು ಗೊತ್ತಾಗುತ್ತೇನೋ?"

"ನಾಳೆ ನಾಲಿಗೆ ತರ್ತೀನಿ. ಇವತ್ತು ಹಾಕು."

ನಿಲಾಂದೀನ್ ಹಾಕಿದ. ಆ ಸಂಜೆಯ ಗಂಜಿ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು.