ನೂರಕ್ಕೊಂದು ಕೊಸರು

ನೂರು ಸ್ಟ್ರಿಪ್ ಇರಬೇಕಾದ ಮಾತ್ರೆಯ ಡಬ್ಬಿಯಲ್ಲಿ ನೂರೊಂದು ಇದ್ದವು. ಒಂದರಲ್ಲಲ್ಲ, ಬಾಳಮ್ಮ ತುಂಬಿದ ಅಷ್ಟೂ ಡಬ್ಬಿಗಳಲ್ಲಿ. ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಧೀರೇಂದ್ರ ಸಾಹೇಬರು ಎರಡು ದಿನ ತೂಕದ ಯಂತ್ರವನ್ನೇ ಬೈದು, ಬಿಚ್ಚಿಸಿ, ಒರೆಸಿ, ಕೊನೆಗೆ ಆಕೆಯನ್ನು ಕರೆಸಿದರು.

"ಈ ಹೆಚ್ಚಿಂದು ಯಾಕ ಹಾಕೀರಿ?"

"ಕೊಸರ್ರಿ," ಎಂದಳು ಬಾಳಮ್ಮ, ಇದೂ ಒಂದು ಕೇಳುವ ಮಾತೇ ಎಂಬಂತೆ. "ನೂರಕ್ಕ ಒಂದರೆ ಮ್ಯಾಲ ಹಾಕಲಿಲ್ಲಂದ್ರ ತಗೊಂಡವರು ಬೈಯಂಗಿಲ್ಲೇನ್ರಿ?"

ಇಪ್ಪತ್ತು ವರ್ಷ ಇಂಡಿ ಪೇಟೆಯಲ್ಲಿ ನಿಂಬೆಹಣ್ಣು ಎಣಿಸಿದ ಕೈ ಅದು. ನೂರು ಮುಗಿದ ಕೂಡಲೇ ತಾನಾಗಿಯೇ ಇನ್ನೊಂದು ಹಾಕುತ್ತದೆ. ಹೊರ್ತಿಯ ದಾರಿಯಲ್ಲಿ ಈ ಔಷಧ ಕಾರ್ಖಾನೆ ಎದ್ದಾಗ, ಎಣಿಕೆ ಬಲ್ಲವರು ಬೇಕೆಂದು ಆಕೆಯನ್ನೂ ಜೊತೆಗಾತಿ ಖಾತುನಬಿಯನ್ನೂ ಪೇಟೆಯಿಂದಲೇ ಕರೆದೊಯ್ದಿದ್ದರು. ತಿಂಗಳ ಸಂಬಳ, ತಲೆಯ ಮೇಲೆ ಫ್ಯಾನು, ಹತ್ತು ಗಂಟೆಗೆ ಚಹಾ. ಸಾಹೇಬರ ಮುಖ ಕಂಡು, ಎಲ್ಲ ಹೋಯಿತಲ್ಲಪ್ಪ ಶಿವನೇ ಎಂದುಕೊಂಡಳು ಬಾಳಮ್ಮ.

ಆದರೆ ಆಕೆಯನ್ನು ತೆಗೆಯುವಂತಿರಲಿಲ್ಲ. ಇನ್ನೂರು ಮಂದಿಗೆ ಕೆಲಸ ಕೊಡುತ್ತೇವೆಂದು ಸರಕಾರಕ್ಕೆ ಬರೆದುಕೊಟ್ಟೇ ಕಂಪನಿ ಜಮೀನು ಪಡೆದಿತ್ತು. ತಿಂಗಳ ಕೊನೆಗೆ ಅಧಿಕಾರಿಗಳು ತಲೆ ಎಣಿಸಲು ಬರುವವರಿದ್ದರು. ಹೈದರಾಬಾದಿನ ಹೆಡ್ಡಾಫೀಸು ತಲೆ ಕೆರೆದುಕೊಂಡು ಹೊಸ ಹುದ್ದೆಯೊಂದನ್ನೇ ಸೃಷ್ಟಿಸಿತು: ಕೊಸರು ತೆಗೆಯುವವರು. ಕೊಸರಿನ ಅನುಭವ ಇದ್ದವರು ಬೇರೆ ಯಾರಿದ್ದಾರೆ? ಬಾಳಮ್ಮನಿಗೇ ಕೊಟ್ಟರು. ಕುರ್ಚಿ, ಮೇಜು, ಒಂದು ರಿಜಿಸ್ಟರು. ಡಬ್ಬಿ ತುಂಬುವ ಅವಳ ಜಾಗಕ್ಕೆ ಖಾತುನಬಿ ಬಂದಳು, ನೂರೆಂದರೆ ನೂರೇ ಎಂದು ಹತ್ತು ಸಲ ಹೇಳಿಸಿಕೊಂಡು.

ಖಾತುನಬಿ ಮಾತಿಗೆ ತಪ್ಪುವ ಹೆಂಗಸಲ್ಲ. ಎಲ್ಲ ಡಬ್ಬಿಗಳಲ್ಲೂ ಸರಿಯಾಗಿ ನೂರು. ಬಾಳಮ್ಮ ಎಣಿಸಿದಳು, ಮತ್ತೆ ಎಣಿಸಿದಳು. ಹಾಳಾದ್ದು ಒಂದೂ ಹೆಚ್ಚಿಲ್ಲ. ವಾರ ಕಳೆದರೂ ರಿಜಿಸ್ಟರು ಖಾಲಿ. ಧೀರೇಂದ್ರ ಅದರ ಪುಟ ತಿರುವಿ ನೋಡಿ, ಹೀಗೇ ಇದ್ದರೆ ತಲೆ ಎಣಿಕೆ ಮುಗಿದ ಮರುದಿನವೇ ಈ ಹುದ್ದೆ ರದ್ದು ಎಂದು ಹೇಳಿ ಹೋದರು.

ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟು, ರೊಟ್ಟಿ ಮುರಿಯದೆ, ಬಾಳಮ್ಮ ಅದನ್ನೇ ಹೇಳಿಕೊಂಡಳು. ಸಂಗತಿ ಕೇಳಿದ ಖಾತುನಬಿ ಅವಳ ರೊಟ್ಟಿಗೆ ಶೇಂಗಾ ಹಿಂಡಿ ಹಾಕಿ, ಅದರ ಮೇಲೆ ಇನ್ನೊಂದು ಚಿಟಿಕೆ ಹಾಕಿ, ಸುಮ್ಮನೆ ಉಣ್ಣು ಎಂದಳು.

ಊಟದ ನಂತರ ಬಂದ ಮೊದಲ ಡಬ್ಬಿಯಲ್ಲಿ ನೂರೊಂದು. ಎರಡನೆಯದರಲ್ಲೂ. ಬಾಳಮ್ಮ ಒಂದೊಂದೇ ತೆಗೆದಿಟ್ಟು ರಿಜಿಸ್ಟರಿನಲ್ಲಿ ದಪ್ಪಗೆ ಬರೆಯುತ್ತ ಹೋದಳು. ಸಂಜೆ ತುಂಬಿದ ಪುಟ ಕಂಡು ಧೀರೇಂದ್ರರ ಮುಖ ಅರಳಿತು.

"ಎಂಥಾ ಅಗತ್ಯದ ಹುದ್ದೆ ಐತಿ ನೋಡ್ರಿ. ಒಬ್ಬರಿಂದ ಆಗೂದಲ್ಲ ಇದು. ಇನ್ನೊಬ್ಬರನ್ನ ಕೊಡ್ರಿ ಅಂತ ಬರೀತೇನಿ."

ಅವರು ಅತ್ತ ಹೋಗುತ್ತಲೇ ಬಾಳಮ್ಮ ತೆಗೆದಿಟ್ಟಿದ್ದ ನಲವತ್ತು ಸ್ಟ್ರಿಪ್‌ಗಳನ್ನು ತಂದು ಖಾತುನಬಿಯ ಟ್ರೇಗೆ ಸುರಿದಳು.

"ತಗೋಳವಾ, ನಾಳಿಗೆ ಹಾಕಾಕ ಬೇಕಾಗ್ತಾವ."